ಮಾತ್ಸುಮೊತೊದ ತೊಟ್ಟಿಯಲ್ಲಿ ನನ್ನ ಎಣ್ಣೆನೀರು

ಜಪಾನಿನ ಮಾತ್ಸುಮೊತೊ ಎಂಬ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಮೊದಲು ನನ್ನ ಮುಖ ಅರಳುತ್ತದೆ, ಮರುಕ್ಷಣವೇ ಕಿವಿಯ ತುದಿ ಬಿಸಿಯಾಗುತ್ತದೆ. ಅರಳುವುದು ಯಾಕೆಂದರೆ, ನನ್ನ ಮೊಮ್ಮಗಳು ನನ್ನ ಬೆನ್ನಿಗೊಂದು ಚೀಲ ಹಾಕಿ ಆ ಊರಿಗೆ ಕರೆದುಕೊಂಡು ಹೋಗಿದ್ದಳು. ಅಮ್ಮನನ್ನಲ್ಲ, ಅಪ್ಪನನ್ನಲ್ಲ, ಗೆಳತಿಯರನ್ನಲ್ಲ, ನನ್ನನ್ನು! ಕಿವಿ ಬಿಸಿಯಾಗುವುದು ಯಾಕೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಗಳ ಮನೆ ಕಾವಾಸಾಕಿಯಲ್ಲಿ. ಅಳಿಯ ದಿನಾ ರೈಲು ಹತ್ತಿ ಶಿನಾಗಾವಾದ ಆಫೀಸಿಗೆ ಹೋಗುತ್ತಾರೆ. ಮೊಮ್ಮಗಳು ಹುಟ್ಟಿದ್ದು ಇಲ್ಲೇ. ಬಾಣಂತನಕ್ಕೆಂದು ಬಂದವಳು ನಾನು, ಹೋಗುವುದು ಬರುವುದು ಮಾಡುತ್ತಲೇ ಇದ್ದೇನೆ. ಆ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ ಕೈ ಇದು. ಐದಾರು ವರ್ಷದವರೆಗೆ ನನ್ನ ಸೆರಗು ಬಿಟ್ಟವಳಲ್ಲ. ಆಮೇಲೆ ಶಾಲೆ, ಗೆಳತಿಯರು, ಜಪಾನೀ ಮಾತು. ರೈಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಅಜ್ಜೀ, ಮೆಲ್ಲಗೆ. ಎಲ್ಲಾ ನೋಡ್ತಾರೆ" ಎನ್ನುತ್ತಿದ್ದಳು. ಬರಬರುತ್ತಾ ಅದನ್ನೂ ಹೇಳುವುದನ್ನು ಬಿಟ್ಟು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯತೊಡಗಿದಳು. ನನಗೆ ಕೋಪ ಬರಲಿಲ್ಲ. ಹೂವಿನ ಸೀರೆ ಉಟ್ಟು, ಅದಕ್ಕೆ ಬಿಳಿ ಬೂಟು ಹಾಕಿ, ಬಾಯಿತುಂಬ ಮಾತಾಡುವ ಮುದುಕಿಯ ಪಕ್ಕ ನಡೆಯಲು ಆ ವಯಸ್ಸಿನಲ್ಲಿ ನನಗೂ ನಾಚಿಕೆಯಾಗುತ್ತಿತ್ತೋ ಏನೋ. ಆದರೆ ಬೆನ್ನು ನೋಡಿಕೊಂಡು ನಡೆದು ನಡೆದು, ಅವಳ ಮುಖ ಮರೆತೇ ಹೋಗುತ್ತದೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಕಳೆದ ದೀಪಾವಳಿಯ ಹಿಂದಿನ ವಾರ, ಕಾಲೇಜು ಸೇರಿದ್ದ ಅದೇ ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದಳು.

"ಅಜ್ಜಿ, ಬ್ಯಾಕ್‌ಪ್ಯಾಕಿಂಗ್ ಹೋಗ್ತಿದೀನಿ. ಟೂ ನೈಟ್ಸ್. ನೀನೂ ಬಾ."

ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದೇ ಹೋಯಿತು.

ಮಗಳು ನಕ್ಕಿದ್ದೇ ನಕ್ಕಿದ್ದು. "ಅಮ್ಮಾ, ಮಾರ್ಕೆಟ್‌ಗೆ ಹೋಗಿಬಂದ್ರೆ ಮಂಡಿನೋವು ಅಂತೀಯ, ನಿಂಗೆ ಬ್ಯಾಕ್‌ಪ್ಯಾಕ್ ಬೇರೆ ಕೇಡು! ಹಾಸ್ಟೆಲ್ ಕಣಮ್ಮ ಅದು, ಬಂಕ್ ಬೆಡ್. ಮೇಲಿನ ಮಂಚದಿಂದ ನಿನ್ನ ಇಳಿಸೋಕೆ ಫೈರ್ ಎಂಜಿನ್ ಬರಬೇಕಾಗುತ್ತೆ."

"ಕೆಳಗಡೆ ಮಂಚ ಬುಕ್ ಮಾಡಿದೀನಿ, ಮಮ್ಮಿ," ಎಂದಳು ಮೊಮ್ಮಗಳು. ಅಂದರೆ ನನ್ನನ್ನು ಕೇಳುವ ಮೊದಲೇ ನನಗೆ ಹಾಸಿಗೆ ಹಿಡಿದಿಟ್ಟಿದ್ದಳು! ಆ ರಾತ್ರಿ ನನಗೆ ನಿದ್ದೆ ಬಂದಿದ್ದರೆ ಕೇಳಿ.

ಹೊರಟಿದ್ದು ನರಕ ಚತುರ್ದಶಿಯ ದಿನವೇ. ರಜೆ ಸಿಕ್ಕಿದ್ದು ಆಗಲೇ, ರೈಲು ಇದ್ದಿದ್ದು ಬೆಳಗಿನ ಜಾವವೇ. ಎಣ್ಣೆಸ್ನಾನಕ್ಕೆ ಹೊತ್ತಿರಲಿಲ್ಲ. ಹುಟ್ಟಿದ ಮೇಲೆ ಒಂದು ನರಕ ಚತುರ್ದಶಿಯಲ್ಲೂ ನಾನು ಎಣ್ಣೆನೀರು ತಪ್ಪಿಸಿದವಳಲ್ಲ. ಆ ದಿನ ಬಿಸಿನೀರಿನಲ್ಲಿ ಗಂಗೆ ಇರುತ್ತಾಳೆ, ಎಣ್ಣೆಯಲ್ಲಿ ಲಕ್ಷ್ಮಿ ಇರುತ್ತಾಳೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅಲ್ಲಿಗೆ ಹೋದಮೇಲೆ ಮಾಡಿದರಾಯಿತು ಎಂದುಕೊಂಡು ಸಣ್ಣ ಬಾಟಲಿಯಲ್ಲಿ ಎಳ್ಳೆಣ್ಣೆ, ಪೊಟ್ಟಣದಲ್ಲಿ ಸೀಗೆಪುಡಿ ಚೀಲದೊಳಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದೇ ತಿಳಿದಿರಲಿಲ್ಲ. ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೆ ಎಂದು ಯಾರಾದರೂ ಹೇಳುತ್ತಾರೆಯೇ?

ಊರು ಎಂದರೆ ಊರು! ರೈಲಿಳಿದು ಹೊರಗೆ ಬಂದರೆ ಬೀದಿಯ ತುದಿಯಲ್ಲಿ ನೀಲಿ ಬೆಟ್ಟ, ಅದರ ನೆತ್ತಿಯಲ್ಲಿ ಆಗಲೇ ಹಿಮ. ಬೀದಿಬೀದಿಗೆ ಒರತೆ. ಕಲ್ಲಿನ ಬಾನಿಗೆ ಬಿದಿರಿನ ಕೊಳವೆಯಿಂದ ನೀರು ತನ್ನಷ್ಟಕ್ಕೆ ಬೀಳುತ್ತಲೇ ಇದೆ. ಜನ ಬಾಟಲಿ ತಂದು ತುಂಬಿಕೊಂಡು ಹೋಗುತ್ತಾರೆ, ನೂಕುನುಗ್ಗಲಿಲ್ಲ, ಕೊಡದ ಜಗಳವಿಲ್ಲ. ನಾನು ಪ್ರತಿ ಒರತೆಯ ಹತ್ತಿರವೂ ನಿಂತು ಬೊಗಸೆಯಲ್ಲಿ ಕುಡಿದೆ. "ಅಜ್ಜಿ, ಆಮೇಲೆ ಟಾಯ್ಲೆಟ್ ಹುಡುಕೋದು ನಾನು" ಎಂದು ಅವಳು ಗದರಿದಳು. ಮರದ ಕಪ್ಪು ಕೋಟೆಯೊಳಗೆ ಬೂಟು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು, ಏಣಿಯಂಥ ಮೆಟ್ಟಿಲು ಹತ್ತಬೇಕು. ನಾನು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿಬಿಟ್ಟೆ. ಹಿಂದಿನಿಂದ ಮೊಮ್ಮಗಳು ನನ್ನ ಹಿಮ್ಮಡಿಗೆ ಕೈ ಕೊಟ್ಟು ನಗುತ್ತಾ, "ಸುಗೋಯ್, ಅಜ್ಜಿ! ಸುಗೋಯ್!" ಎನ್ನುತ್ತಿದ್ದಳು. ಭಲೇ ಎಂದ ಹಾಗೆ ಅದು. ಮೇಲಿನ ಅಂತಸ್ತಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಫೋಟೋ ತೆಗೆದುಕೊಂಡಳು. ಸ್ವರ್ಗ ಎನ್ನುವುದು ಅಷ್ಟು ಎತ್ತರದಲ್ಲೇ ಇರಬೇಕು.

ಹಾಸ್ಟೆಲಿನಲ್ಲಿ ಇದ್ದಿದ್ದು ಒಂದೇ ಶವರು, ಅದಕ್ಕೂ ಸಾಲು. ಪಕ್ಕದ ಓಣಿಯಲ್ಲಿ ಊರವರ ಸ್ನಾನದ ಮನೆ ಇದೆ, ಅಲ್ಲಿಗೆ ಹೋಗೋಣ ಎಂದಳು. ಹೆಂಗಸರದೇ ಒಂದು ಭಾಗ, ಗಂಡಸರದೇ ಒಂದು ಭಾಗ. ಒಳಗೆ ಹೋದ ಮೇಲೆ ಗೊತ್ತಾಯಿತು, ಮೈಮೇಲೆ ಒಂದು ನೂಲೂ ಇಲ್ಲದೆ ಹೋಗಬೇಕು.

"ಲಂಗ ಎದೆಗೆ ಕಟ್ಕೋತೀನಿ ಕಣೇ."

"ನೋ, ಅಜ್ಜಿ. ಬಟ್ಟೆ ನೀರೊಳಗೆ ಹೋಗಬಾರದು. ರೂಲ್ಸ್."

"ನಿಮ್ಮ ತಾತನ ಮುಂದೂ ಹೀಗೆ ನಿಂತೋಳಲ್ಲ ನಾನು!"

"ತಾತ ಇಲ್ಲಿಲ್ಲ, ಬಾ," ಎಂದು ಕೈಹಿಡಿದು ಎಳೆದುಕೊಂಡು ಹೋದಳು. ಅಂಗೈ ಅಗಲದ ಒಂದು ಟವೆಲು ಕೊಟ್ಟಿದ್ದರು. ಎಲ್ಲಿ ಮುಚ್ಚುವುದು, ಎಲ್ಲಿ ಬಿಡುವುದು! ಆದರೆ ಅಲ್ಲಿದ್ದ ಹೆಂಗಸರು ಯಾರೂ ಕಣ್ಣೆತ್ತಿ ನೋಡಲಿಲ್ಲ. ನನ್ನ ವಯಸ್ಸಿನವರೇ ಹೆಚ್ಚು. ಮೋಟು ಸ್ಟೂಲುಗಳ ಮೇಲೆ ಕೂತು, ನಲ್ಲಿ ನೀರನ್ನು ಪುಟ್ಟ ಬೋಗುಣಿಗೆ ಹಿಡಿದು ಮೈ ತೊಳೆಯುತ್ತಿದ್ದರು. ಆಚೆ ಬದಿಗೆ ದೊಡ್ಡ ತೊಟ್ಟಿ, ಹಬೆಯಾಡುವ ನೀರು, ಅದರೊಳಗೆ ನಾಲ್ಕೈದು ಜನ ಕಣ್ಣುಮುಚ್ಚಿ ಕುತ್ತಿಗೆವರೆಗೆ ಕೂತಿದ್ದರು.

"ಮೊದಲು ಇಲ್ಲಿ ಚೆನ್ನಾಗಿ ತೊಳ್ಕೋ, ಸೋಪ್ ಹಾಕಿ. ಆಮೇಲೆ ತೊಟ್ಟಿಗೆ ಇಳಿ. ಓಕೆ?" ಎಂದು ಹೇಳಿ ಅವಳು ತಲೆಗೆ ಶಾಂಪೂ ಹಾಕಿಕೊಂಡು ಕಣ್ಣುಮುಚ್ಚಿದಳು.

ಅವಳು ಹೇಳಿದಂತೆಯೇ ಮಾಡಿದೆ. ಸೋಪು ಹಾಕಿ, ಚರ್ಮ ಕೆಂಪಾಗುವಷ್ಟು ತಿಕ್ಕಿ ತೊಳೆದುಕೊಂಡೆ. ಆಮೇಲೆ, ಹಬ್ಬವಲ್ಲವೇ, ಬಾಟಲಿ ತೆಗೆದು ನೆತ್ತಿಗೆ ಎಣ್ಣೆ ತಟ್ಟಿಕೊಂಡೆ. ಕೈಗೆ, ಕಾಲಿಗೆ, ಆ ಮೆಟ್ಟಿಲು ಹತ್ತಿ ಸೋತಿದ್ದ ಮಂಡಿಗೆ ಸುರಿದು ಸುರಿದು ನೀವಿಕೊಂಡೆ. ನಮ್ಮಲ್ಲಿ ಕ್ರಮವೇ ಅದು: ಎಣ್ಣೆ, ಅದರ ಮೇಲೆ ಸುಡುಸುಡು ನೀರು, ಕೊನೆಗೆ ಸೀಗೆಪುಡಿ. ಹಂಡೆ ತುಂಬ ಬಿಸಿನೀರು ಎದುರಿಗೇ ಇದೆ. ನೆನೆದು ಎದ್ದು ಬಂದು ಸೀಗೆ ಹಚ್ಚಿ ತೊಳೆದುಕೊಂಡರಾಯಿತು. ನನ್ನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಕೃಷ್ಣ ಕೃಷ್ಣ ಎಂದು ತೊಟ್ಟಿಗೆ ಇಳಿದೆ.

ಆಹಾ, ಆ ಸುಖ! ಕಣ್ಣುಮುಚ್ಚಿದೆ. ಕಣ್ಣು ಬಿಟ್ಟಾಗ ನನ್ನ ಎದುರಿಗಿದ್ದ ಅಜ್ಜಿ ಇರಲಿಲ್ಲ. ಪಕ್ಕದಲ್ಲಿದ್ದಾಕೆ ನಿಧಾನವಾಗಿ ಎದ್ದು, ನನಗೆ ತಲೆಬಾಗಿ, ಮೆಟ್ಟಿಲು ಹತ್ತಿ ಹೋದಳು. ಇನ್ನೊಬ್ಬಳೂ ಎದ್ದಳು. ಆಗ ನೀರು ನೋಡಿದೆ. ನನ್ನ ಸುತ್ತ, ಆಚೆ ಗೋಡೆಯವರೆಗೂ, ನವಿಲುಗರಿಯ ಬಣ್ಣ ತೇಲುತ್ತಿತ್ತು. ಹೊರಗೆ ಹೋದ ಅಜ್ಜಿಯರು ಮತ್ತೆ ಸ್ಟೂಲಿನ ಮೇಲೆ ಕೂತು, ಒಂದು ಮಾತೂ ಆಡದೆ, ಮೊದಲಿನಿಂದ ಮೈ ತೊಳೆಯುತ್ತಿದ್ದರು.

ಮೊಮ್ಮಗಳು ಕಣ್ಣಿನ ನೊರೆ ಒರೆಸಿಕೊಂಡು ತಿರುಗಿದಳು. "ಅಜ್ಜೀ... ಏನ್ ಹಾಕ್ಕೊಂಡೆ?"

"ಎಣ್ಣೆ. ಹಬ್ಬ ಅಲ್ವೇನೇ."

ಅವಳ ಮುಖ ಕೆಂಪಾದದ್ದು ಬಿಸಿನೀರಿನಿಂದಲ್ಲ. ತಲೆಯ ನೊರೆ ಇಳಿಯುತ್ತಿದ್ದಂತೆಯೇ ಒಬ್ಬೊಬ್ಬ ಹೆಂಗಸಿನ ಮುಂದೆಯೂ ಹೋಗಿ ಬಾಗಿದಳು. "ಸುಮಿಮಾಸೆನ್, ಸುಮಿಮಾಸೆನ್." ಬರಿಮೈಯಲ್ಲಿ, ಇಪ್ಪತ್ತೂ ತುಂಬದ ಹುಡುಗಿ, ನನಗಾಗಿ ಬಾಗಿ ಬಾಗಿ ಕ್ಷಮೆ ಕೇಳುತ್ತಿದ್ದಳು. ನಾನು ತೊಟ್ಟಿಯಲ್ಲೇ ಕೂತಿದ್ದೆ. ಎದ್ದರೆ ಬೆತ್ತಲೆ, ಕೂತರೆ ಎಣ್ಣೆ.

ಸ್ನಾನದ ಮನೆಯ ಯಜಮಾನಿ ಉದ್ದ ಹಿಡಿಯ ಬಲೆ ತಂದು ನೋಡಿದರು, ನೀರಿಗೆ ಬೆರಳದ್ದಿ ನೋಡಿದರು. ತೊಟ್ಟಿಯ ಬೂಚು ತೆಗೆದರು. ಬೀದಿಬಾಗಿಲಿಗೆ ಇಳಿಬಿಟ್ಟಿದ್ದ ಬಟ್ಟೆಯ ಪರದೆಯನ್ನು ಒಳಗೆ ತೆಗೆದುಕೊಂಡರು. ಹಾಗೆಂದರೆ ಇವತ್ತು ಮುಚ್ಚಿದೆ ಎಂದರ್ಥವಂತೆ. ಬಟ್ಟೆ ಹಾಕಿಕೊಂಡು ಹೊರಗೆ ಬಂದಾಗ, ಕೆಲಸ ಮುಗಿಸಿ ಬೋಗುಣಿ ಸೋಪು ಹಿಡಿದು ಬಂದ ಹೆಂಗಸರು ಪರದೆಯಿಲ್ಲದ ಬಾಗಿಲು ನೋಡಿ, ಯಜಮಾನಿಯ ಮಾತು ಕೇಳಿ, ಸುಮ್ಮನೆ ತಲೆಬಾಗಿ ವಾಪಸು ಹೋಗುತ್ತಿದ್ದರು. ಚಳಿ ಕೊರೆಯುತ್ತಿತ್ತು. ಯಾರಾದರೂ ಒಬ್ಬರು, "ಏನಮ್ಮಾ, ಬುದ್ಧಿ ಇಲ್ಲವಾ?" ಎಂದು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಮ್ಮೂರಿನಲ್ಲಾಗಿದ್ದರೆ ಬೈಗುಳಕ್ಕೊಂದು ಬೈಗುಳ ಕೊಟ್ಟು, ಕೊನೆಗೆ ಕಾಫಿ ಕುಡಿದು ಮುಗಿಸುತ್ತಿದ್ದೆವು. ಬೈಯದ ಜನರ ಮುಂದೆ ಏನು ಮಾಡುವುದು?

ಹಾಸ್ಟೆಲಿನವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಕೆಳಗಿನ ಮಂಚದ ಮೇಲೆ ಕೂತೆ. ಮೇಲಿನ ಮಂಚದಿಂದ ಅವಳ ಕಾಲು ನೇತಾಡುತ್ತಿತ್ತು.

"ಪುಟ್ಟೀ, ಬೈದುಬಿಡೇ."

"ಬೈಯಲ್ಲ."

"ಬೆಳಿಗ್ಗೆ ಮೊದಲನೇ ರೈಲಿಗೇ ಹೋಗೋಣ. ನಿಂಗೆ ಅವಮಾನ ಮಾಡಿದೆ. ಇನ್ಮೇಲೆ ನನ್ನ ಎಲ್ಲಿಗೂ ಕರೀಬೇಡ, ನೀನು ಗೆಳತೀರ ಜೊತೆ ಹೋಗು."

ನೇತಾಡುತ್ತಿದ್ದ ಕಾಲು ಮೇಲಕ್ಕೆ ಹೋಯಿತು. ನಾನೇ ಹೇಳಿದ್ದಾದರೂ, ಅವಳು ಇಲ್ಲ ಎನ್ನಲಿ ಎಂದು ಕಾದಿದ್ದೆ. ಬೇಗನೆ ಮಲಗಿದಳೋ, ಮಲಗಿದಂತೆ ಮಾಡಿದಳೋ. ನನ್ನ ಮೈಯಲ್ಲಿ ಇನ್ನೂ ಎಣ್ಣೆಯಿತ್ತು. ಅವರ ಬಿಳಿ ಹಾಸಿಗೆಗೆ ತಾಗದಿರಲೆಂದು ಹಳೇ ಸೀರೆಯನ್ನು ಹಾಸಿಕೊಂಡು ಅದರ ಮೇಲೆ ಮುದುರಿಕೊಂಡೆ. ಕೋಟೆಯ ಮೇಲೆ ತೆಗೆದ ಆ ಫೋಟೋ ಅವಳು ಅಳಿಸಿಬಿಟ್ಟಳೇನೋ ಎಂದು ಯೋಚಿಸುತ್ತಲೇ ಇದ್ದೆ.

ಬೆಳಿಗ್ಗೆ ರೈಲಿನ ಮಾತೇ ಎತ್ತಲಿಲ್ಲ ಅವಳು. ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ಸಿಹಿಯ ಪೆಟ್ಟಿಗೆ ಕೊಂಡು, ಕಾಗದ ಸುತ್ತಿಸಿ ನನ್ನ ಕೈಗಿತ್ತಳು. ತಪ್ಪಾದಾಗ ಇಲ್ಲಿ ಹೀಗೆ ಹೋಗಬೇಕು, ಎರಡೂ ಕೈಯಲ್ಲಿ ಕೊಡಬೇಕು, ಕೊಟ್ಟಾದ ಮೇಲೆ ಕಾರಣ ಹೇಳಬಾರದು ಎಂದಳು.

"ಹಬ್ಬ ಅಂತ ಹೇಳ್ಬಾರದಾ?"

"ಬೇಡ. ಜಸ್ಟ್ ಸಾರಿ."

ಸ್ನಾನದ ಮನೆಯ ಹಿಂಬಾಗಿಲು ತೆರೆದಿತ್ತು. ಯಜಮಾನಿ ಖಾಲಿ ತೊಟ್ಟಿಯೊಳಗೆ ಇಳಿದು ಬ್ರಷ್ಷಿನಿಂದ ಗೋಡೆ ತಿಕ್ಕುತ್ತಿದ್ದರು. ನನ್ನ ವಯಸ್ಸೇ ಇರಬಹುದು, ಬೆನ್ನು ಬಾಗಿತ್ತು. ನೋಡಿದ್ದೇ ನಾನು ಪೆಟ್ಟಿಗೆಯನ್ನು ಮೊಮ್ಮಗಳ ಕೈಗೆ ತುರುಕಿ, ಸೀರೆ ಎತ್ತಿಕಟ್ಟಿ ತೊಟ್ಟಿಗೆ ಇಳಿಯಲು ಹೋದೆ. ಆಕೆ ಎರಡೂ ಕೈ ಅಡ್ಡ ಹಿಡಿದು, ತಲೆಬಾಗಿ, ಬೇಡ ಎಂದರು. ನಗುತ್ತಲೇ ಅಂದರು, ಆದರೆ ಬೇಡ ಎಂದರೆ ಬೇಡ. ನನ್ನ ತಪ್ಪನ್ನು ನನ್ನ ಕೈಯಲ್ಲೇ ತೊಳೆಯಲೂ ಬಿಡಲಿಲ್ಲ! ಕೊನೆಗೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಬಾಗಲು ಹೋಗಿ ಅಭ್ಯಾಸ ಬಲದಿಂದ ಕೈಮುಗಿದುಬಿಟ್ಟೆ. ಆಕೆಯೂ ಬ್ರಷ್ಷು ಹಿಡಿದ ಕೈಯಲ್ಲೇ ಮುಗಿದರು. ಮೊಮ್ಮಗಳಿಗೆ ಏನೋ ಹೇಳಿದರು.

"ಏನಂತೆ?"

"ಸಂಜೆ ಬನ್ನಿ ಅಂದ್ರು. ಇಬ್ರೂ."

"ಅಯ್ಯೋ, ನಾನು ಬರಲ್ಲ ತಾಯಿ. ಆ ಅಜ್ಜೀರ ಮುಂದೆ ಹೇಗೆ ಮುಖ ಎತ್ತಲಿ?"

"ಬರಲೇಬೇಕು. ಹೋಗದೇ ಇದ್ರೆ ಅವರಿಗೆ ಬೇಜಾರಾಗುತ್ತೆ," ಎಂದಳು. ಆಮೇಲೆ ಅವಳೇ ಅಂದಳು, "ನಿನ್ನೆ ನಂಗೂ ತುಂಬಾ ನಾಚಿಕೆ ಆಯ್ತು. ಅಳು ಬಂತು. ಬಟ್ ನಾನೇ ಸರಿಯಾಗಿ ಹೇಳಿರಲಿಲ್ಲ."

ಸಂಜೆ ಹೋದೆವು. ಅದೇ ಸ್ಟೂಲುಗಳು, ಕೂತವರಲ್ಲಿ ಇಬ್ಬರು ಮೂವರದು ಅದೇ ಮುಖಗಳು. ನಾನು ನೆಲ ನೋಡಿಕೊಂಡೇ ಕೂತೆ. ಮೊಮ್ಮಗಳು ನನ್ನ ಬೆನ್ನ ಹಿಂದೆ ಸ್ಟೂಲು ಎಳೆದುಕೊಂಡು ನನ್ನ ತಲೆಗೆ ಶಾಂಪೂ ಹಾಕಿದಳು. ತೊಳೆದಳು. ಮತ್ತೆ ಹಾಕಿದಳು. ಒಂದು ಎಳೆ ಕೂದಲನ್ನು ಬೆರಳಲ್ಲಿ ಎಳೆದು, ಕಿರ್ ಎನ್ನುತ್ತದೋ ಎಂದು ಕಿವಿಗೊಟ್ಟು ನೋಡಿದಳು. ಇಲ್ಲ, ಇನ್ನೊಂದು ಸಲ. ಕುತ್ತಿಗೆ, ಬೆನ್ನು, ಮಂಡಿಯ ಹಿಂದೆ, ಕಾಲ್ಬೆರಳ ಸಂದಿ, ಎಳೆಮಗುವನ್ನು ತೊಳೆಯುವಂತೆ ತೊಳೆದಳು. ಯಾರೋ ಏನೋ ಕೇಳಿದರು. ಅವಳು ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಜಪಾನಿಯಲ್ಲಿ ಉತ್ತರ ಕೊಟ್ಟಳು. ನನಗೆ ಅರ್ಥವಾದದ್ದು ಒಂದೇ ಮಾತು, ಒಬಾಚಾನ್, ಅಜ್ಜಿ.

ತೊಟ್ಟಿಯಲ್ಲಿದ್ದವರು ಸ್ವಲ್ಪ ಸರಿದು ಜಾಗ ಬಿಟ್ಟರು. ಇಳಿದೆ. ಗಲ್ಲದವರೆಗೆ ನೀರು. ನನ್ನ ಕಣ್ಣು ನೀರಿನ ಮೇಲೇ ಇತ್ತು, ಎಲ್ಲಾದರೂ ಒಂದು ಹನಿ ಬಣ್ಣ ತೇಲುತ್ತದೆಯೋ ಎಂದು. ಯಾರೂ ಎದ್ದು ಹೋಗಲಿಲ್ಲ. ಆದರೂ ಮುಖ ಎತ್ತಲು ನನ್ನಿಂದಾಗಲಿಲ್ಲ.

"ಅಜ್ಜಿ," ಎಂದಳು ಪಕ್ಕದಿಂದ, "ಮಾರ್ಚ್‌ನಲ್ಲಿ ನಾಗಾಸಾಕಿ ಅಂದ್ಕೊಂಡಿದೀನಿ. ಅಲ್ಲಿ ತುಂಬಾ ಮೆಟ್ಟಿಲು. ಆಗುತ್ತಾ ನಿಂಗೆ?"

ಆಗುತ್ತೆ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ, ಅಳು ಹೊರಟಿತು, ಅದೂ ಜೋರಾಗಿ. ಎಲ್ಲ ಅಜ್ಜಿಯರೂ ತಿರುಗಿ ನೋಡಿದರು.