ಊಟದ ಹೊತ್ತಿನ ಹಾಡು

ಮಾತು ಶುರುಮಾಡುವ ಮೊದಲು ಅವರು ಎರಡು ಬೆರಳನ್ನು ಗಂಟಲ ಮೇಲೆ ಇಟ್ಟುಕೊಳ್ಳುತ್ತಿದ್ದರು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲು ತಟ್ಟುವ ಹಾಗೆ. ನೆದರ್‌ಲ್ಯಾಂಡ್ಸಿನ ಆಲ್ಮೆರೆ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸ್ವೀಡನ್ನಿನ ಗಾಯಕಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಡಿದ ಒಂದು ಪಾಪ್ ಹಾಡು ಅವರ ದೇಶದ ರೇಡಿಯೊಗಳಲ್ಲೆಲ್ಲ ಮೊಳಗಿತ್ತಂತೆ. ಮುಖ ಚೆನ್ನಾಗಿದೆಯೆಂದು ಧಾರಾವಾಹಿಗಳಿಗೆ ಕರೆದರು. ಆಮೇಲೆ ಅವರನ್ನು ಹಾಡಿ ಎಂದು ಕೇಳಿದವರಿಲ್ಲ. "ಪರದೆ ಮೇಲೆ ನಾಲ್ಕು ಸಲ ಸತ್ತಿದ್ದೇನೆ. ಜನ ನೆನಪಿಟ್ಟುಕೊಂಡಿರುವುದು ಅದನ್ನೇ," ಎನ್ನುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದು, ಆ ಮದುವೆಯೂ ಮುರಿದು, ಮಕ್ಕಳ ಕಾರ್ಟೂನಿನ ಅಳಿಲಿಗೆ ದನಿ ಕೊಟ್ಟು ಬದುಕುತ್ತಿದ್ದರು.

ನನ್ನ ಮಗಳು ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರಿಸುವ ಪೈಕಿ. ನಾನು ಗುನುಗುತ್ತಿದ್ದ ನನ್ನ ಅಮ್ಮನ ಜೋಗುಳವನ್ನು ಬೇಲಿಯಾಚೆಯಿಂದ ಕೇಳಿಸಿಕೊಂಡ ಆಕೆ, ಕಲಿತೇ ತೀರುತ್ತೇನೆಂದು ಕೂತರು. ಉಚ್ಚಾರ ತಿದ್ದಲು ಮಗಳನ್ನೇ ಗುರು ಮಾಡಿಕೊಂಡರು. ತಿದ್ದಬೇಕಾದರೆ ಅವಳೂ ಕಲಿಯಬೇಕಲ್ಲ. ನಾನು ಆರು ವರ್ಷ ಬಡಿದುಕೊಂಡರೂ ಆಗದ್ದು ಎರಡು ತಿಂಗಳಲ್ಲಿ ಆಯಿತು.

ನಮ್ಮ ಕನ್ನಡ ಕೂಟಕ್ಕೆ ನಾನು ಖಾಯಂ ನಿರೂಪಕ. ರಾಜ್ಯೋತ್ಸವದಲ್ಲಿ ಹಾಡಿ ಎಂದು ಅವರನ್ನು ಕರೆದವನೂ ನಾನೇ. ಅವರು ವೇದಿಕೆ ಹತ್ತಿ ಹನ್ನೊಂದು ವರ್ಷವಾಗಿತ್ತು. "ಈ ಸಲ ಸಾಯುವ ಪಾತ್ರವಲ್ಲ ತಾನೆ?" ಎಂದು ನಕ್ಕು, ಹೊಸ ನೀಲಿ ಉಡುಪು ಕೊಂಡರು.

ರಾಟರ್‌ಡ್ಯಾಮಿನ ಬಾಡಿಗೆ ಹಾಲಿನಲ್ಲಿ ಭಾಷಣಗಳು ಎಂದಿನಂತೆ ಬೆಳೆದವು. ಅವರ ಸರದಿ ಬರುವಷ್ಟರಲ್ಲಿ ಒಂದೂವರೆ ಗಂಟೆ ತಡ. ಅಧ್ಯಕ್ಷರು ನನ್ನ ಕಿವಿಯ ಬಳಿ ಬಗ್ಗಿ, "ಬಿಸಿಬೇಳೆಬಾತ್ ಗಟ್ಟಿಯಾಗ್ತಿದೆ ಕಣ್ರೀ. ಹಾಲ್ ಬೇರೆ ನಾಲ್ಕಕ್ಕೆ ಖಾಲಿ ಮಾಡ್ಬೇಕು. ಊಟ ಅನೌನ್ಸ್ ಮಾಡ್ಬಿಡಿ, ಆಯಮ್ಮ ಪ್ಯಾರಲಲ್ ಆಗಿ ಹಾಡ್ಲಿ," ಎಂದರು.

ಮಾಡಿಬಿಟ್ಟೆ. ಊಟ ಅಂದ ಮೇಲೆ ನಮ್ಮವರು ಕೂರುತ್ತಾರೆಯೇ? ಆಕೆ ಗಂಟಲ ಮೇಲೆ ಬೆರಳಿಡುವಷ್ಟರಲ್ಲಿ ಇನ್ನೂರು ಕುರ್ಚಿ ಖಾಲಿ. ಮೊದಲ ಸಾಲಿನಲ್ಲಿ ನನ್ನ ಮಗಳೊಬ್ಬಳೇ. ಆಕೆ ಜೋಗುಳವನ್ನು ಒಂದಕ್ಷರ ತಪ್ಪದೆ ಪೂರ್ತಿ ಹಾಡಿದರು. ನಾಚಿಕೆಯಾಗುತ್ತದೆ, ಆಗ ನಾನು ಹಪ್ಪಳ ಬಡಿಸುತ್ತಿದ್ದೆ.

ಕಾರಿನಲ್ಲಿ ವಾಪಸು ಬರುವಾಗ ಕ್ಷಮೆ ಕೇಳಿದೆ. "ಹಸಿದವರ ಮೇಲೆ ನನಗೆ ಕೋಪವಿಲ್ಲ," ಎಂದರು. "ಆದರೆ ನಿಮಗೆ ಹಸಿವಿರಲಿಲ್ಲ." ಆಮೇಲೆ ಬೇಲಿಯಾಚೆಯಿಂದ ಹಾಡು ಕೇಳಿಬರಲಿಲ್ಲ.

ಮರುವರ್ಷ ತಮ್ಮ ದೇಶಕ್ಕೆ ಹಿಂತಿರುಗಿ ಅಲ್ಲೇ ತೀರಿಕೊಂಡರು. ಅಲ್ಲಿನ ಪತ್ರಿಕೆ ಆ ಒಂದು ಪಾಪ್ ಹಾಡನ್ನೂ ನಾಲ್ಕು ಧಾರಾವಾಹಿಗಳನ್ನೂ ನೆನೆದಿತ್ತು. ಜೋಗುಳದ ಸುದ್ದಿ ಅದಕ್ಕೇನು ಗೊತ್ತು.

ಈ ಸಲದ ರಾಜ್ಯೋತ್ಸವಕ್ಕೆ ಆ ಜೋಗುಳ ಹಾಡೆಂದು ಮಗಳನ್ನು ಕೇಳಿದೆ. ಆಕೆಯ ದೆಸೆಯಿಂದ ಕಲಿತ ಸ್ವಚ್ಛ ಕನ್ನಡದಲ್ಲೇ ಅವಳು ಹೇಳಿದಳು: "ಬೇಡ ಅಪ್ಪ. ನೀನು ಊಟಕ್ಕೆ ಕರೀತೀಯ."