ವಾರಿಜಕ್ಕನ ಆಫೀಸು

ವಾರಿಜಕ್ಕ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮನೆಯ ಎದುರು ಬಾಗಿಲಿಗೆ ಬೀಗ ಹಾಕಿ, ಅದನ್ನು ಎರಡು ಸಲ ಎಳೆದು ನೋಡಿ, ಬುತ್ತಿಯ ಚೀಲವನ್ನೂ ಕೊಡೆಯನ್ನೂ ಹಿಡಿದುಕೊಂಡು ಗೇಟು ದಾಟಿ ಆಫೀಸಿಗೆ ಹೊರಡುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಎಡಗೈಯಲ್ಲಿ ವಾಚು. ಬಿಜೈಯ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಅಲ್ಲಿನ ಹೋಟೆಲಿನಲ್ಲಿ ಒಂದು ಚಾ ಕುಡಿದು, ಬಸ್ಸು ಹತ್ತುವವರನ್ನು ಸ್ವಲ್ಪ ಹೊತ್ತು ನೋಡಿ, ಒಂಬತ್ತೂವರೆಗೆ ಅದೇ ದಾರಿಯಲ್ಲಿ ಹಿಂದಿರುಗಿ, ಅದೇ ಗೇಟು ತೆರೆದು, ಅದೇ ಮನೆಯ ಪಕ್ಕದ ಬಾಗಿಲಿನ ಬೀಗ ತೆಗೆದು ಒಳಗೆ ಹೋಗುತ್ತಿದ್ದರು. ಆ ಕೋಣೆಯೇ ಅವರ ಆಫೀಸು. ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲಿತ್ತು. ಅದಕ್ಕೆ ಅಡ್ಡವಾಗಿ ಕಪಾಟು ನಿಲ್ಲಿಸಿದ್ದರು.

ನಾನು ಅವರ ಮಾಳಿಗೆಯ ಮನೆಗೆ ಬಾಡಿಗೆಗೆ ಬಂದ ಹೊಸತು. ಬಾಲ್ಕನಿಯಲ್ಲಿ ನಿಂತು ಈ ಪ್ರಯಾಣವನ್ನು ಮೂರು ದಿನ ನೋಡಿದೆ. ನಾಲ್ಕನೆಯ ದಿನ ಮಸ್ಕತ್ತಿನಲ್ಲಿದ್ದ ಗಂಡನಿಗೆ ಫೋನು ಮಾಡಿ, ಓನರ್ ಹೆಂಗಸಿಗೆ ತಲೆ ಸ್ವಲ್ಪ ಸರಿಯಿಲ್ಲ, ಬೇರೆ ಮನೆ ನೋಡುವ ಅಂದೆ. ನನ್ನ ತಲೆ ಬಹಳ ಸರಿಯಿತ್ತೆಂದಲ್ಲ. ಜಾಹೀರಾತು ಕಂಪೆನಿಯ ಕೆಲಸ ಬಿಟ್ಟು, ಇನ್ನು ನನ್ನ ಕಾಲ ಮೇಲೆ ನಾನೇ ನಿಲ್ಲುತ್ತೇನೆ, ಫ್ರೀಲಾನ್ಸ್ ಡಿಸೈನರ್ ಆಗುತ್ತೇನೆ ಎಂದು ಜಂಬದಲ್ಲಿ ಹೊರಟವಳು, ಮಧ್ಯಾಹ್ನದವರೆಗೆ ನೈಟಿಯಲ್ಲೇ ಕೂತು, ಬಾರದ ಕೆಲಸಕ್ಕಾಗಿ ಫೋನು ನೋಡುತ್ತಿದ್ದೆ.

ಒಂದು ದಿನ ಬಟ್ಟೆ ಒಣಗಿಸುವಾಗ ಅವರು ಕೆಳಗಿನಿಂದ ಕೇಳಿದರು. “ನೀನು ಎಲ್ಲಿಗೆ ಕೆಲಸಕ್ಕೆ ಹೋಗುದು?”

“ಮನೆಯಲ್ಲೇ ಅಕ್ಕ. ಡಿಸೈನ್ ಮಾಡುದು, ನಿಮ್ಮ ಹಾಗೆ.”

“ನನ್ನ ಹಾಗೆ ಎಲ್ಲಿ? ನಾನು ಆಫೀಸಿಗೆ ಹೋಗ್ತೇನೆ. ಮನೆಯಲ್ಲಿ ಕೂತು ಮಾಡಿದ್ರೆ ಅದು ಮನೆಕೆಲಸ. ನಾಳೆ ಒಂಬತ್ತಕ್ಕೆ ಸೀರೆಯೋ ಚೂಡಿದಾರವೋ ಎಂತಾದ್ರೂ ಉಟ್ಟುಕೊಂಡು ಇಳಿದು ಬಾ. ಅಲ್ಲಿ ಇನ್ನೊಂದು ಮೇಜು ಉಂಟು.”

ಹೀಗೆ ನಾನು ಕೆಲಸಕ್ಕೆ ಸೇರಿದೆ. ಸಂಬಳವಿಲ್ಲ, ಅವರವರ ಗಿರಾಕಿ ಅವರವರಿಗೆ. ಆದರೆ ನಿಯಮಗಳು ಮಾತ್ರ ಇಬ್ಬರಿಗೂ ಒಂದೇ. ಮೆಟ್ಟಿಲಿಳಿದು ನೇರ ಪಕ್ಕದ ಬಾಗಿಲಿಗೆ ಬರುವಂತಿಲ್ಲ, ಬಸ್‌ಸ್ಟ್ಯಾಂಡಿಗೆ ಹೋಗಿಯೇ ಬರಬೇಕು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ಮಧ್ಯಾಹ್ನ ಬುತ್ತಿಯಲ್ಲಿ ತಂದದ್ದನ್ನೇ ತಿನ್ನಬೇಕು. ಗೋಡೆಯ ಆಚೆಯೇ ಬೆಳಗಿನ ಸಾರು ಇದ್ದರೂ ಅದು ಬೇರೆ ಮನೆಯ ಸಾರು. ಒಮ್ಮೆ ಅವರಿಗೆ ತಲೆನೋವು ಬಂತು. ಪುಸ್ತಕದಲ್ಲಿ ಅರ್ಧ ದಿನದ ರಜೆ ಬರೆದು, ಕೊಡೆ ಬಿಡಿಸಿಕೊಂಡು, ಅಂಗಳ ಸುತ್ತಿ ಮನೆಗೆ ಹೋಗಿ ಮಲಗಿದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಆಫೀಸಿನಲ್ಲಿ ಕನ್ನಡ ಮಾತ್ರ. ಐದೂವರೆಗೆ ಬೀಗ ಬಿದ್ದ ಮರುಕ್ಷಣ ಅವರ ಬಾಯಿಗೆ ತುಳು ಬರುತ್ತಿತ್ತು. “ಬಲ ಶೈಲಾ, ಚಾ ಪರ್ಕ” ಎಂದು ನನ್ನನ್ನು ಚಾ ಕುಡಿಯಲು ಎದುರು ಬಾಗಿಲಿನಿಂದ ಒಳಗೆ ಕರೆಯುತ್ತಿದ್ದರು, ಆಗಷ್ಟೇ ಭೇಟಿಯಾದವರಂತೆ.

ಇದೆಲ್ಲ ಯಾಕೆ ಎಂದು ಕೇಳುವ ಧೈರ್ಯ ಬಂದದ್ದು ಆರು ತಿಂಗಳ ಮೇಲೆ. ಅವರು ಮೊದಲು ಒಂದು ಪ್ರೆಸ್ಸಿನಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದರು. ಪ್ರೆಸ್ಸು ಮುಚ್ಚಿದಾಗ ಒಂದಷ್ಟು ಗಿರಾಕಿಗಳು ಇವರನ್ನೇ ಹುಡುಕಿಕೊಂಡು ಬಂದರು. ಆಮಂತ್ರಣ ಪತ್ರಿಕೆ, ಲೇಬಲ್, ಸಿಹಿತಿಂಡಿಯ ಡಬ್ಬಿ. ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ತೀರಿಹೋಗಿದ್ದರು, ಮನೆಯಲ್ಲಿ ಒಬ್ಬರೇ.

“ಕೆಲಸ ಚೆನ್ನಾಗಿಯೇ ಬರ್ತಿತ್ತು ಮಾರಾಯ್ತಿ. ಒಂದು ದಿನ ಗಿರಾಕಿಯ ಫೋನ್ ಬಂತು. ಹಲೋ ಹೇಳ್ಲಿಕ್ಕೆ ಬಾಯಿ ತೆಗೆದೆ, ಸ್ವರವೇ ಹೊರಡ್ಲಿಲ್ಲ. ಎಣಿಸಿ ನೋಡಿದ್ರೆ ನಾಲ್ಕು ದಿನದಿಂದ ನಾನು ಯಾರ ಹತ್ರವೂ ಮಾತಾಡಿರ್ಲಿಲ್ಲ. ಆ ದಿನ ಹೆದರಿಕೆ ಆಯ್ತು ನನಗೆ. ಮರುದಿನದಿಂದ ಆಫೀಸು.”

ಇಷ್ಟು ಹೇಳಿ ಅವರು ಪೆನ್ಸಿಲು ಕೆತ್ತಲು ಕೂತರು. ನಾನು ಮುಂದೆಂದೂ ಸೆರಗು ಬಾಯಿಗಿಟ್ಟು ನಗಲಿಲ್ಲ.

ಡಿಸೈನಿನ ಬಗ್ಗೆ ನನಗೆ ಗೊತ್ತಿದೆ ಎಂದುಕೊಂಡಿದ್ದನ್ನೆಲ್ಲ ಅವರು ಒಂದೇ ದಿನದಲ್ಲಿ ಕೆಳಗಿಳಿಸಿದರು. ಉಳ್ಳಾಲದ ಒಬ್ಬ ಹೆಂಗಸು ಒಣ ಸೀಗಡಿಯ ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಅವರ ಪ್ಯಾಕೆಟಿನ ಕೆಲಸ ನನಗೆ ಸಿಕ್ಕಿತು. ಬಿಳಿ ಹಿನ್ನೆಲೆ, ಬೂದುಬಣ್ಣದ ತೆಳು ಅಕ್ಷರ, ಮೂಲೆಯಲ್ಲಿ ಒಂದೇ ಗೆರೆಯಲ್ಲಿ ಬರೆದ ಸೀಗಡಿ. ಕಂಪ್ಯೂಟರಿನಲ್ಲಿ ನೋಡಿ ನನಗೆ ನಾನೇ ಭೇಷ್ ಹೇಳಿಕೊಂಡಿದ್ದೆ. ವಾರಿಜಕ್ಕ ಅದನ್ನು ಪ್ರಿಂಟ್ ತೆಗೆಸಿ, ಒಂದು ಪ್ಯಾಕೆಟಿಗೆ ಅಂಟಿಸಿ, “ಬಾ” ಅಂದರು. ಬಸ್ಸು ಹತ್ತಿ ಉಳ್ಳಾಲಕ್ಕೆ ಹೋದೆವು. ಸಣ್ಣದೊಂದು ಅಂಗಡಿಯಲ್ಲಿ ಕೇಳಿಕೊಂಡು, ಶಾಂಪೂ ಸಾಲಿನ ಪಕ್ಕದ ಕೊಕ್ಕೆಗೆ ನಮ್ಮ ಪ್ಯಾಕೆಟನ್ನು ತೂಗುಹಾಕಿ, ರಸ್ತೆಯ ಆಚೆ ಹೋಗಿ ನಿಂತೆವು.

“ಎಲ್ಲುಂಟು ನಿನ್ನ ಸೀಗಡಿ?”

ನನಗೂ ಕಾಣಲಿಲ್ಲ. ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತವರೊಬ್ಬರು ಬಂದು ಅಂಗಡಿಯವರೊಡನೆ, ಆ ಹಸಿರು ಪ್ಯಾಕೆಟ್ ಒಂದು ಕೊಡಿ ಎಂದರು.

“ಕೇಳಿತಾ? ಹೆಸರು ಓದಿ ಯಾರೂ ಕೇಳುದಿಲ್ಲ. ಬಣ್ಣ ಹೇಳಿ ಕೇಳುದು. ಇಲ್ಲಿ ಹಸಿರು ಉಂಟು, ಕೆಂಪು ಉಂಟು, ನೀಲಿ ಉಂಟು. ಎಂತ ಇಲ್ಲ ಹೇಳು.”

“ಹಳದಿ.”

“ಹಾಂ. ಇನ್ನು ಹೋಗಿ ಕೆಲಸ ಮಾಡುವ.”

ಹಳದಿ ಪ್ಯಾಕೆಟು ಓಡಿತು. ಅದನ್ನು ನೋಡಿ ಹಪ್ಪಳದವರು ಬಂದರು, ಅವರಿಂದ ಉಪ್ಪಿನಕಾಯಿಯವರು, ಅವರಿಂದ ಅತ್ತಾವರದ ಒಬ್ಬ ಡಾಕ್ಟರು. ನಾನು ಗಿರಾಕಿಗಳೆದುರು ಬಣ್ಣ, ಅಕ್ಷರ, ಭಾವ ಎಂದೆಲ್ಲ ಭಾಷಣ ಮಾಡುತ್ತಿದ್ದೆ. ಅದಕ್ಕೂ ಅವರು ಬೀಗ ಹಾಕಿದರು. “ತೋರಿಸಿ ಸುಮ್ಮನೆ ಕೂತ್ಕೊ. ನೀನು ಪ್ರತಿ ಪ್ಯಾಕೆಟಿನ ಜೊತೆ ಅಂಗಡಿಗೆ ಹೋಗಿ ವಿವರಣೆ ಕೊಡ್ತೀಯಾ?” ಸುಮ್ಮನೆ ಕೂರಲು ಕಲಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಕಲಿತ ಮೇಲೆ ಕೆಲಸಕ್ಕೆ ಬರಗಾಲವೇ ಬರಲಿಲ್ಲ.

ಮೂರನೆಯ ವರ್ಷದ ಹೊತ್ತಿಗೆ ನನಗೆ ಹೊರದೇಶದ ಗಿರಾಕಿಗಳು ಸಿಕ್ಕಿದ್ದರು. ಒಬ್ಬಳಿಂದ ಆಗುವುದಿಲ್ಲ, ಇಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಜಾಗ ಸಾಲದು ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅದೇ ದಿನಗಳಲ್ಲಿ ವಾರಿಜಕ್ಕ ಒಂದು ಮಧ್ಯಾಹ್ನ ಬುತ್ತಿ ಮುಚ್ಚುತ್ತಾ, “ಇನ್ನು ಗೇಟಿಗೆ ಒಂದು ಬೋರ್ಡ್ ಹಾಕುವ ಅಂತ. ಇಬ್ಬರ ಹೆಸರು. ನಿನ್ನದು ಮೊದಲು ಇರ್ಲಿ, ನಿನ್ನ ಗಿರಾಕಿ ಜಾಸ್ತಿ” ಅಂದರು.

ನಾನು “ನೋಡುವ ಅಕ್ಕ” ಅಂದೆ. ನಮ್ಮ ಊರಲ್ಲಿ ‘ನೋಡುವ’ ಅಂದರೆ ‘ಬೇಡ’ ಎಂದು ಯಾರಿಗೆ ಗೊತ್ತಿಲ್ಲ? ಅವರಿಗೂ ಗೊತ್ತಾಗಿರಬೇಕು. ಬೋರ್ಡಿನ ಮಾತು ಮತ್ತೆ ಬರಲಿಲ್ಲ. ತಿಂಗಳು ಕಳೆದು, ಅತ್ತಾವರದಲ್ಲಿ ಜಾಗ ನೋಡಿದ್ದೇನೆ, ಮನೆಯನ್ನೂ ಅಲ್ಲಿಗೇ ಬದಲಿಸುತ್ತೇನೆ ಎಂದು ಹೇಳಿದಾಗ ನಾನು ಅವರ ಮುಖ ನೋಡಲಿಲ್ಲ. ನೆಲ ನೋಡಿಕೊಂಡು ಹೇಳಿದೆ.

“ಎಷ್ಟು ದಿನದ ನೋಟೀಸು?” ಎಂದು ಕೇಳಿದರು.

“ಒಂದು ತಿಂಗಳು.”

“ಆಯ್ತು. ಬರೆದು ಕೊಡು.”

ತಮಾಷೆಯೆಂದುಕೊಂಡೆ. ಅಲ್ಲ. ರಾಜೀನಾಮೆ ಬರೆದು ಕೊಟ್ಟೆ, ಅವರು ಓದಿ, ಸ್ವೀಕರಿಸಿದೆ ಎಂದು ಸಹಿ ಹಾಕಿ ಫೈಲಿನಲ್ಲಿಟ್ಟರು. ಆ ಕೊನೆಯ ತಿಂಗಳು ಅವರು ಒಂದು ದಿನವೂ ತಡವಾಗಿ ಬರಲಿಲ್ಲ, ಬೇಗ ಹೋಗಲಿಲ್ಲ, ನನ್ನ ಮೇಲೆ ಸಿಡುಕಲೂ ಇಲ್ಲ. ಸಿಡುಕಿದ್ದರೆ ನನಗೆ ಹೊರಡುವುದು ಎಷ್ಟೋ ಸುಲಭವಾಗುತ್ತಿತ್ತು.

ಕೊನೆಯ ದಿನ ನಾಲ್ಕು ಗಂಟೆಗೆ ಬೀಳ್ಕೊಡುಗೆ. ಮೇಜಿನ ಮೇಲೆ ಸಜ್ಜಿಗೆ, ಶೀರಾ, ಒಂದು ಹಾರ. ವಾರಿಜಕ್ಕ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಸಭೆಗೆ ನಾನೊಬ್ಬಳೇ.

“ಶ್ರೀಮತಿ ಶೈಲಾ ಅವರು ನಮ್ಮ ಸಂಸ್ಥೆಗೆ ಸೇರಿದಾಗ ಅವರಿಗೆ ಬಣ್ಣದ ಬಗ್ಗೆ ಎಂತದೂ ಗೊತ್ತಿರ್ಲಿಲ್ಲ. ಈಗ ಸ್ವಲ್ಪ ಗೊತ್ತುಂಟು. ಅವರು ಮೂರು ವರ್ಷದಲ್ಲಿ ಒಟ್ಟು ಹನ್ನೊಂದು ರಜೆ ಹಾಕಿದ್ದಾರೆ. ಅವರು ಬಂದ ಮೇಲೆ ನಮ್ಮ ಸಂಸ್ಥೆಯಲ್ಲಿ...”

ಅಲ್ಲಿಗೆ ನಿಂತಿತು. ಅವರು ಕಪಾಟಿನ ಕಡೆ ನೋಡಿದರು, ಮೇಜಿನ ಕಡೆ ನೋಡಿದರು. “ಶೀರಾ ತಣಿತದೆ, ತಿನ್ನು” ಎಂದು ಕೂತರು. ನಾನು ತಿಂದೆ. ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಹೊರಟು ಹೋದದ್ದಕ್ಕಲ್ಲ, ಆ ಹೊತ್ತಿನಲ್ಲಿ ಎದ್ದು ಎರಡು ಮಾತು ತಿರುಗಿ ಹೇಳದೆ ಶೀರಾ ತಿಂದದ್ದಕ್ಕೆ.

ಅತ್ತಾವರದ ಆಫೀಸು ಚೆನ್ನಾಗಿ ಬೆಳೆಯಿತು. ಗಾಜಿನ ಬಾಗಿಲು, ಎಸಿ, ಕೆಲಸಕ್ಕೆ ಇಬ್ಬರು. ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ನಾನು ಎದುರಿಗೇ ಇದ್ದರೂ ಕೇಳಬೇಕಾದ್ದನ್ನು ವಾಟ್ಸಾಪಿನಲ್ಲಿ ಕೇಳುತ್ತಾರೆ, ನಾನು ಅದರಲ್ಲೇ ಉತ್ತರಿಸುತ್ತೇನೆ. ಗಿರಾಕಿಗಳು ದೂರದೇಶದವರು, ಇಮೇಲ್ ಬರೆಯುತ್ತಾರೆ, ಒಳ್ಳೆಯ ಜನ. ಅವರಲ್ಲಿ ಹೆಚ್ಚಿನವರ ಸ್ವರ ಹೇಗಿದೆಯೆಂದು ನನಗೆ ಗೊತ್ತಿಲ್ಲ. ಉದ್ಘಾಟನೆಯ ದಿನ ವಾರಿಜಕ್ಕ ಬಂದು ಒಂದು ಗಂಟೆ ಕೂತಿದ್ದರು. ಹೊರಡುವಾಗ, “ಇವರು ಮಾತಾಡುದಿಲ್ವಾ?” ಎಂದು ಮೆಲ್ಲಗೆ ಕೇಳಿದರು.

“ಕೆಲಸ ಉಂಟಲ್ಲ ಅಕ್ಕ.”

“ಹೌದೌದು” ಅಂದರು.

ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಆಮೇಲೆ ತಿಂಗಳಿಗೆ, ಆಮೇಲೆ ಅಷ್ಟಮಿಗೆ, ಚೌತಿಗೆ. ಒಂದು ಸಲ ಹೀಗೇ ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದರೆ, “ಈಗ ಆಗುದಿಲ್ಲ ಶೈಲಾ, ಜನ ಉಂಟು” ಎಂದು ಇಟ್ಟೇಬಿಟ್ಟರು. ವಾರಿಜಕ್ಕನ ಆಫೀಸಿನಲ್ಲಿ ಜನ ಎಲ್ಲಿಂದ? ಮರುದಿನ ಬಿಜೈಗೆ ಹೋದೆ. ಪಕ್ಕದ ಬಾಗಿಲಿಗೆ ಬೀಗ. ನೆರೆಯವರು ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದರು.

ಅಲ್ಲಿನ ಜೆರಾಕ್ಸ್ ಅಂಗಡಿಯೊಂದರ ಕೌಂಟರಿನಲ್ಲಿ ವಾರಿಜಕ್ಕ ನಿಂತಿದ್ದರು. ಅದೇ ಗಂಜಿ ಹಾಕಿದ ಸೀರೆ. ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಶನ್ ಮಾಡುತ್ತಾ, ಕಾಲೇಜಿನ ಹುಡುಗಿಯರೊಡನೆ ಯಾವ ಹಾಸ್ಟೆಲು, ಊಟ ಹೇಗುಂಟು ಎಂದು ವಿಚಾರಿಸುತ್ತಾ, ಕಂಡಕ್ಟರೊಬ್ಬರ ಅರ್ಜಿ ತುಂಬಿಸಿಕೊಡುತ್ತಾ ಇದ್ದರು. ಈ ಊರಿನ ಅರ್ಧ ಸಿಹಿತಿಂಡಿಯ ಡಬ್ಬಿಗಳ ಮೇಲೆ ಇವರ ಕೈಬರಹವಿದೆ. ಇವರು ಇಲ್ಲಿ ಜೆರಾಕ್ಸ್ ತೆಗೆಯುವುದೇ? ನನಗೆ ಅಳು ಬಂದಂತಾಯಿತು. ಮಾತಾಡಿಸಲು ದಾರಿ ತೋಚದೆ ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಸಾಲಿನಲ್ಲಿ ನಿಂತೆ. ನನ್ನ ಆಫೀಸಿನಲ್ಲಿ ಎರಡು ಪ್ರಿಂಟರುಗಳಿದ್ದವು.

“ಓ ಶೈಲಾ. ಎಷ್ಟು ಕಾಪಿ?”

“ಎರಡು. ಅಕ್ಕ, ನೀವು ಇಲ್ಲಿ ಎಂತ ಮಾಡುದು?”

“ಕಾಣುದಿಲ್ವಾ? ಕೆಲಸ. ದಿನಕ್ಕೆ ನೂರು ಜನ ಬರ್ತಾರೆ ಗೊತ್ತುಂಟಾ?” ಮುಖದಲ್ಲಿ ನಗು. ನಾನು ಅವರನ್ನು ಅಷ್ಟು ಗೆಲುವಾಗಿ ಹಿಂದೆ ನೋಡಿರಲಿಲ್ಲ.

“ನನ್ನ ಆಫೀಸಿಗೆ ಬನ್ನಿ ಅಕ್ಕ. ನಿಮಗೆ ಬೇಕಾದ ಹಾಗೆ ಇರಿ. ನಿಮಗೇ ಒಂದು ಕೋಣೆ ಕೊಡ್ತೇನೆ.”

“ಕೋಣೆ ನನ್ನ ಮನೆಯಲ್ಲೂ ಉಂಟಲ್ಲ. ಅಲ್ಲಿ ಮಾತಾಡುದು ಯಾರ ಹತ್ರ?”

“ನಾನಿದ್ದೇನಲ್ಲ.”

“ನೀನು ಇರ್ತೀಯಾ?”

ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು, ನನ್ನ ಮುಖವನ್ನೇ ನೋಡುತ್ತಾ ಕಾದರು. ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕಿದೆ. ಅವರು ಎರಡು ಕಾಪಿಗಳನ್ನು ಮಡಚಿ ಕೈಗಿಟ್ಟು, “ಸ್ವಲ್ಪ ಸರಿ ಮಾರಾಯ್ತಿ, ಹಿಂದೆ ಜನ ಉಂಟು” ಅಂದರು. ನಾನು ಸರಿದು ನಿಂತೆ.

ಮತ್ತೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ಮಳೆಗಾಲ ಮುಗಿಯಿತು. ಆ ಸಲ ನನಗೆ ಕೈತುಂಬ ಕೆಲಸ. ನವರಾತ್ರಿ ಕಳೆದ ಮೇಲೆ ಒಂದು ದಿನ ಬಿಜೈ ಕಡೆಯಿಂದ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ರಿಕ್ಷಾ ನಿಧಾನವಾಯಿತು. ಅಲ್ಲೊಂದು ದೊಡ್ಡ ಫ್ಲೆಕ್ಸು. ಅದರಲ್ಲಿ ವಾರಿಜಕ್ಕನ ಮುಖ. ರಿಕ್ಷಾ ನಿಲ್ಲಿಸಿ ಇಳಿದೆ.

ಫೋಟೋವನ್ನು ಅಡ್ಡಕ್ಕೆ ಎಳೆದದ್ದರಿಂದ ಮುಖ ಅಗಲವಾಗಿತ್ತು. ನಾಲ್ಕು ಮೂಲೆಗಳಲ್ಲಿ ಗುಲಾಬಿ, ನೇರಳೆ ಹಿನ್ನೆಲೆಗೆ ಕೆಂಪು ಅಕ್ಷರ, ಅಕ್ಷರಕ್ಕೆ ಹೊಳೆಯುವ ಅಂಚು. ‘ನಮ್ಮೆಲ್ಲರ ಪ್ರೀತಿಯ ವಾರಿಜಕ್ಕನಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಮೂರು ಸಾಲುಗಳಲ್ಲಿ ಪುಟ್ಟ ಪುಟ್ಟ ದುಂಡು ಫೋಟೋಗಳು. ಹೋಟೆಲಿನವರು, ಕಂಡಕ್ಟರುಗಳು, ಹಾಸ್ಟೆಲಿನ ಹುಡುಗಿಯರು, ಹೂವಿನವಳು, ಪೋರ್ಟರು. ಕೆಲಸದ ಚಟದಿಂದ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ತಪ್ಪುಗಳೇ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದುಂಡು ಫೋಟೋಗಳಲ್ಲಿ ಒಂದೊಂದಾಗಿ ನನ್ನ ಮುಖವನ್ನು ಹುಡುಕಿದೆ. ಇಲ್ಲ ಎಂದು ಗೊತ್ತಿದ್ದೂ ಮೂರನೆಯ ಸಾಲಿನ ಕೊನೆಯವರೆಗೆ ನೋಡಿದೆ.

ಜೆರಾಕ್ಸ್ ಅಂಗಡಿಯವರು ಹೊರಗೆ ಬಂದರು. ನಿದ್ದೆಯಲ್ಲೇ ಹೋದರಂತೆ, ಹದಿನೈದು ದಿನವಾಯಿತಂತೆ. ಕೌಂಟರಿಗೆ ಬರಲಿಲ್ಲವೆಂದು ಬೆಳಿಗ್ಗೆ ಹತ್ತು ಗಂಟೆಯೊಳಗೆ ಇವರೇ ಐದಾರು ಜನ ಹುಡುಕಿಕೊಂಡು ಮನೆಗೆ ಹೋದರಂತೆ. ಅಣ್ಣನ ಮಕ್ಕಳು ಊರಿನಿಂದ ಬಂದು ಮುಂದಿನದನ್ನೆಲ್ಲ ಮಾಡಿದರಂತೆ.

“ಇದನ್ನು ಯಾರು ಮಾಡಿದ್ದು?” ಎಂದು ಫ್ಲೆಕ್ಸಿನ ಕಡೆ ತೋರಿಸಿದೆ.

“ನಾವೇ, ಎಲ್ಲ ಸೇರಿ. ಕಂಪ್ಯೂಟರಲ್ಲಿ ಕೂತು ಎರಡು ದಿನ ಮಾಡಿದ್ದು. ಚಂದ ಬಂದಿದೆ ಅಲ್ವಾ?”

“ಚಂದ ಬಂದಿದೆ” ಅಂದೆ.

“ನೀವು ಅವರಿಗೆ ಎಂತ ಆಗ್ಬೇಕು?”

ಹೇಳಲು ಏನೆಲ್ಲ ಇತ್ತು.

“ಕಸ್ಟಮರ್” ಅಂದೆ.

ಅವರು ತಲೆಯಾಡಿಸಿದರು. “ಕಸ್ಟಮರ್ಸ್ ತುಂಬಾ ಜನ ಬಂದು ಹೋದ್ರು” ಎಂದು ಒಳಗೆ ಹೋದರು.