ಕೌಸಲ್ಯಮ್ಮನ ಗಿಟಾರಿಗೆ ಟೈಪ್‌ರೈಟರ್ ಕೀಲಿ

ಶ್ರೀರಂಗಪಟ್ಟಣದ ಅರ್ಧ ಗುಮಾಸ್ತರನ್ನು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ತಯಾರು ಮಾಡಿದವರು ನಮ್ಮ ಟೈಪಿಂಗ್ ಮೇಷ್ಟ್ರು ಜಯರಾಮಯ್ಯ. ನನ್ನನ್ನೂ ಸೇರಿಸಿ. ಅವರ ಹೆಂಡತಿ ಕೌಸಲ್ಯಮ್ಮ ಬೇರೆಯೇ ಲೋಕದವರು. ತಮ್ಮ ಅಣ್ಣ ಬಿಟ್ಟುಹೋದ ಗಿಟಾರಿನಲ್ಲಿ ದೇವರನಾಮ ನುಡಿಸುವವರು. ಶನಿವಾರ ಬೆಳಿಗ್ಗೆ ಕರಿಘಟ್ಟದ ಮೇಲೆ ಅವರು ನುಡಿಸಲು ಕೂತರೆ, ಕೆಳಗೆ ಲೋಕಪಾವನಿ ಹೊಳೆಯ ಮೇಲಿನ ಮಂಜೂ ಕರಗಲು ಮರೆತು ನಿಂತಂತೆ ನನಗೆ ಕಾಣುತ್ತಿತ್ತು.

ಆಮೇಲೆ ಸಂಧಿವಾತ ಬಂತು. ಎಡಗೈ ಬೆರಳುಗಳು ಮಡಚಿಕೊಂಡವು, ತಂತಿ ಒತ್ತಲಾಗಲಿಲ್ಲ. ಕೌಸಲ್ಯಮ್ಮನ ಮಾತೂ ನಿಂತಿತು. ಹಾಲು ಉಕ್ಕಿ ಹರಿಯುತ್ತಿದ್ದರೂ ಏನನ್ನೋ ಕೇಳಿಸಿಕೊಳ್ಳುತ್ತಾ ನಿಂತುಬಿಡುವರು.

ಒಂದು ದಿನ ಮೇಷ್ಟ್ರಿಗೆ ಮೊಬೈಲಿನಲ್ಲಿ ಹಳೆಯ ಚಿತ್ರವೊಂದು ಸಿಕ್ಕಿತು. ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ, ಬೆರಳು ನೋಯದಿರಲೆಂದು ಗಿಟಾರಿನ ಮೇಲೆ ಕೀಲಿಪೆಟ್ಟಿಗೆ ಕೂರಿಸಿದ್ದರಂತೆ. ಅಲ್ಲಿ ಕೀಲಿ ತಂತಿಯನ್ನು ಬಡಿಯುತ್ತಿತ್ತು. ತಾನು ತಂತಿ ಒತ್ತುವ ಕೀಲಿ ಮಾಡುತ್ತೇನೆಂದು ಹೊರಟ ಮೇಷ್ಟ್ರು, ಗುಜರಿಗೆ ಹಾಕದೆ ಉಳಿಸಿಕೊಂಡಿದ್ದ ಒಂದೇ ಟೈಪ್‌ರೈಟರನ್ನು ಬಿಚ್ಚಿ ಹಾಕಿದರು. ಗಿಟಾರಿನ ಕತ್ತಿನುದ್ದಕ್ಕೂ ಕೀಲಿಗಳು ಕೂತವು. ಮಡಚಿದ ಬೆರಳಿನ ಗೆಣ್ಣಿನಿಂದಲೂ ಒತ್ತಬಹುದಿತ್ತು.

ಕೌಸಲ್ಯಮ್ಮ ಒತ್ತಿ, ಮೀಟಿ, ನಿಲ್ಲಿಸಿದರು.

"ಸ್ವರ ಎಲ್ಲಾ ಸರಿಯಾಗಿದೆ. ಆದ್ರೆ ನಿಂತಲ್ಲೇ ನಿಂತಿದೆ ನೋಡಿ. ತಂತಿ ಎಳೆದು ತೂಗದಿದ್ರೆ ಅದು ರಾಗ ಆಗಲ್ಲ."

ಮೇಷ್ಟ್ರ ಮುಖ ಸಪ್ಪೆಯಾಯಿತು. ಅವರ ಬೇಸರ ನೋಡಲಾರದೆ ಆಕೆ ಸುಮ್ಮನೆ ಮುಂದಿನ ಕೀಲಿಗಳನ್ನು ಒತ್ತುತ್ತಾ ಹೋದರು. ಕೊನೆಯದೊಂದು ಅಲ್ಲಾಡಿತು. ಕೀಲಿಯ ಜೊತೆ ತಂತಿಯೂ ಪಕ್ಕಕ್ಕೆ ಸರಿದು, ಸ್ವರ ತೊಟ್ಟಿಲಿನಂತೆ ತೂಗಿತು.

"ಅದು ಸಡಿಲ ಆಗಿದೆ ಕಣೇ, ಬಿಗಿ ಮಾಡ್ತೀನಿ ಕೊಡು."

"ಮುಟ್ಟಬೇಡಿ," ಎಂದು ಆಕೆ ಕಣ್ಣು ಮುಚ್ಚಿ ಅದೊಂದನ್ನೇ ತೂಗುತ್ತಾ ಕೂತರು.

ಪಕ್ಕದಲ್ಲೇ ಸ್ಕ್ರೂ ಡಬ್ಬಿ ಹಿಡಿದು ನಿಂತಿದ್ದ ನಾನೆಂದೆ: "ಮೇಷ್ಟ್ರೇ, ಎಲ್ಲಾನೂ ಅಂಗೇ ಸಡ್ಲ ಮಾಡ್ಬುಡಿ."

ಮೇಷ್ಟ್ರು ನನ್ನನ್ನು ದುರುಗುಟ್ಟಿ ನೋಡಿದರು. ಆದರೂ ಒಂದೊಂದೇ ಸ್ಕ್ರೂ ಸಡಿಲಿಸಿದರು. ಕೌಸಲ್ಯಮ್ಮ ನುಡಿಸತೊಡಗಿದರು. ನಡುಮನೆಯ ಬಿಸಿಲೂ ಮೆಲ್ಲಗೆ ತೂಗುತ್ತಿದೆ ಎನ್ನಿಸಿತು. ಆದರೆ ಸಡಿಲ ಕೀಲಿಗಳು ಹಾಡಿನುದ್ದಕ್ಕೂ ಕಟಕಟ ಎನ್ನುತ್ತಿದ್ದವು.

"ಛೆ, ಹಾಡು ಕೆಡ್ತಿದೆ. ಕೀಲಿ ಕೆಳಗೆ ಬಟ್ಟೆ ಹಾಕಿ ಸದ್ದು ಅಡಗಿಸ್ತೀನಿ," ಎಂದು ಮೇಷ್ಟ್ರು ಎದ್ದರು.

"ಬೇಡ. ನಲವತ್ತು ವರ್ಷ ಅಡುಗೆಮನೆಯಿಂದ ಕೇಳಿದ ನಿಮ್ಮ ಟೈಪಿಂಗ್ ಸದ್ದು ಅದು. ಇರಲಿ, ನನ್ನ ಜೊತೆಗೆ."

ಮೇಷ್ಟ್ರು ಅಲ್ಲೇ ಕೂತು ಅತ್ತುಬಿಟ್ಟರು. ಆಕೆ ಅದೇ ಹಾಡನ್ನು ಮೊದಲಿಂದ ಎತ್ತಿಕೊಂಡರು.